ಕಲ್ಲು ಹೇಳದೆ ಉಳಿಸಿದ ಮಾತು
(ಆಕಾಶವಾಣಿ ಭಾಷಣ)



ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನವೊಂದಿದೆ. ಸಮೀಪದ ಸಿದ್ಧಾಪುರ, ಜಟಿಂಗರಾಮೇಶ್ವರಗಳ ಶಾಸನಗಳೊಡನೆ ಅದನ್ನು 1892ರಲ್ಲಿ ಬೆಳಕಿಗೆ ತಂದವರು ಬಿ. ಎಲ್. ರೈಸರು. ಇಸಿಲದ ಮಹಾಮಾತ್ರರಿಗೆ ಸುವರ್ಣಗಿರಿಯಿಂದ ಹೊರಟ ಆ ಆಜ್ಞೆಯಲ್ಲಿ, ತಾಯಿತಂದೆಗಳ ಮಾತನ್ನು ನಡೆಸಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು ಎಂಬ ವಿಧಿಗಳ ಬೆನ್ನಿಗೇ, ಶಿಷ್ಯನು ಆಚಾರ್ಯನನ್ನು ಗೌರವಿಸತಕ್ಕದ್ದು ಎಂಬುದೂ ಬರುತ್ತದೆ. ಶಿಷ್ಯನೆಂಬುದಕ್ಕೆ ಅಲ್ಲಿರುವ ಪದ ‘ಅಂತೇವಾಸಿ’. ಎಂದರೆ ಬಳಿಯಲ್ಲಿ ವಾಸಿಸುವವನು. ಎಷ್ಟು ಚೆಲುವಾದ ಪದ!

ನಾನು ಚಳ್ಳಕೆರೆಯ ಸೀಮೆಯಲ್ಲಿ ಬಹುಕಾಲ ಕನ್ನಡ ಮೇಷ್ಟರಾಗಿದ್ದವನು. ಒಮ್ಮೆ ಹುಡುಗರನ್ನು ಆ ಬಂಡೆಯ ಬಳಿಗೆ ಕರೆದೊಯ್ದು, ಗುರುಗೌರವದ ಸಾಲನ್ನು ತುಸು ಹೆಮ್ಮೆಯಿಂದಲೇ ವಿವರಿಸಿದೆ. ಕುರಿಗಾಹಿಯ ಮಗನೊಬ್ಬ ಎದ್ದು ನಿಂತು, “ಮೇಷ್ಟ್ರು ಹುಡುಗ್ರನ್ನ ಹೆಂಗೆ ನೋಡ್ಕೋಬೇಕು ಅಂತ ಬರ್ದಿಲ್ವಾ ಸಾ?” ಎಂದ. ಹುಡುಗರು ನಕ್ಕರು. ನಾನು ಅವನನ್ನು ಗದರಿಸಿ ಕೂರಿಸಿದೆ. ಬ್ರಹ್ಮಗಿರಿಯ ಕಲ್ಲಿನಲ್ಲಿ ಆ ಮಾತು ಇಲ್ಲ. ಇಲ್ಲವೆಂದು ಒಪ್ಪಿಕೊಳ್ಳುವ ಧೈರ್ಯ ಅಂದು ನನಗಿರಲಿಲ್ಲ.

ಅವನಿಗೆ ಕೊಡಬಹುದಾಗಿದ್ದ ಉತ್ತರ ನಾವು ಬಂದ ದಾರಿಯಲ್ಲೇ ಇತ್ತು. ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿ ತಳುಕು ಎಂಬ ಊರಿದೆ. ಕನ್ನಡದ ಆಚಾರ್ಯ ಟಿ. ಎಸ್. ವೆಂಕಣ್ಣಯ್ಯನವರು 1885ರಲ್ಲಿ ಹುಟ್ಟಿದುದು ಆ ಊರಿನ ಮನೆತನದಲ್ಲಿ. ಕಾದಂಬರಿಕಾರ ತ. ರಾ. ಸು. ಅವರೂ ಅದೇ ಮನೆತನದವರು. ಮೂವರ ಹೆಸರಿನಲ್ಲೂ ಊರು ಕೂಡಿಕೊಂಡಿದೆ ಎನ್ನುವಾಗ ವೆಂಕಣ್ಣಯ್ಯನವರ ತಮ್ಮ ತ. ಸು. ಶಾಮರಾಯರನ್ನೂ ಸೇರಿಸಿ ಹೇಳುತ್ತಿದ್ದೇನೆ. ಆ ಮನೆಯ ಕಥೆಯನ್ನು ‘ಮೂರು ತಲೆಮಾರು’ ಎಂಬ ಕೃತಿಯಲ್ಲಿ ಬರೆದವರು ಅವರೇ.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ. ಎ. ತರಗತಿ ಆರಂಭವಾದುದು 1927ರಲ್ಲಿ. ಕಾಲೇಜುಗಳಲ್ಲಿ ಇಂಗ್ಲಿಷಿನದೇ ದೊರೆತನ ನಡೆಯುತ್ತಿದ್ದ ಕಾಲ ಅದು. ಕನ್ನಡವನ್ನೇ ಆರಿಸಿಕೊಂಡ ತರುಣನ ಮುಂದಿನ ಬಾಳು ಏನೆಂಬುದಕ್ಕೆ ಯಾರಲ್ಲೂ ಉತ್ತರವಿರಲಿಲ್ಲ. ಅಂಥ ತರಗತಿಗೆ ಬಂದು ಕುಳಿತ ಮೊದಲಿಗರಲ್ಲಿ ಕುವೆಂಪು ಇದ್ದರು, ಡಿ. ಎಲ್. ನರಸಿಂಹಾಚಾರ್ಯರಿದ್ದರು. ಒಬ್ಬರು ಮಹಾಕವಿಯಾದರು, ಇನ್ನೊಬ್ಬರು ವಿದ್ವತ್ತಿನ ಮೇರು. ಇಬ್ಬರನ್ನೂ ಒಂದೇ ಅಚ್ಚಿಗೆ ಹಾಕಲು ಹೊರಡದಿದ್ದುದೇ ವೆಂಕಣ್ಣಯ್ಯನವರ ಅಧ್ಯಾಪನದ ಸೊಗಸೆಂದು ನನ್ನ ಭಾವನೆ. ನರಸಿಂಹಾಚಾರ್ಯರು ಗುರುವಿನೊಡನೆ ಕುಳಿತು ರಾಘವಾಂಕನ ಸಿದ್ಧರಾಮ ಚರಿತ್ರೆಯನ್ನು ಸಂಪಾದಿಸಿದರು. ಶಿಷ್ಯನ ಹೆಸರು ಗುರುವಿನ ಹೆಸರಿನ ಪಕ್ಕದಲ್ಲಿ ಅಚ್ಚಾಯಿತು.

ವೆಂಕಣ್ಣಯ್ಯನವರು ಬರೆದುದು ಕಡಿಮೆಯೆಂಬ ಕೊರಗು ಸಾಹಿತ್ಯಪ್ರಿಯರಲ್ಲಿ ಹಿಂದಿನಿಂದಲೂ ಇದೆ. ಎ. ಆರ್. ಕೃಷ್ಣಶಾಸ್ತ್ರಿಗಳೊಡನೆ ಸಿದ್ಧಪಡಿಸಿದ ಹರಿಶ್ಚಂದ್ರಕಾವ್ಯ ಸಂಗ್ರಹ, ಶ್ರೀರಾಮಕೃಷ್ಣರ ಚರಿತ್ರೆ, ಬಿಡಿ ಲೇಖನಗಳು, ಇಂಥವನ್ನು ಎಣಿಸಿದರೆ ಅವರ ಪಾಂಡಿತ್ಯಕ್ಕೆ ಅವು ಅಲ್ಪವೆಂದೇ ತೋರುತ್ತದೆ. ಕೊರಗು ಸುಳ್ಳಲ್ಲ. ಆದರೆ ಮನೆಯ ಬಾಗಿಲನ್ನು ಹುಡುಗರಿಗೆ ತೆರೆದಿಟ್ಟವನ ಸಂಜೆಗಳು ಎಲ್ಲಿ ಹೋದವೆಂದು ಕೇಳುವುದು ಮೇಷ್ಟರ ಕೆಲಸವನ್ನು ಅರಿಯದವರ ಪ್ರಶ್ನೆ. ಶಿಷ್ಯನ ಕರಡನ್ನು ಓದುವ ಹೊತ್ತಿನಲ್ಲಿ ತನ್ನ ಹಾಳೆ ಬರಿದಾಗಿಯೇ ಉಳಿಯುತ್ತದೆ.

ಕುವೆಂಪು 1936ರಲ್ಲಿ ‘ಶ್ರೀ ರಾಮಾಯಣ ದರ್ಶನಂ’ ಬರೆಯಲು ತೊಡಗಿದರು. ಕಾವ್ಯ ನಡುದಾರಿಯಲ್ಲಿರುವಾಗಲೇ, 1939ರಲ್ಲಿ, ಗುರುಗಳು ತೀರಿಕೊಂಡರು. ಮುಗಿದ ಕಾವ್ಯ 1949ರಲ್ಲಿ ಪ್ರಕಟವಾದಾಗ ಅದು ವೆಂಕಣ್ಣಯ್ಯನವರಿಗೇ ಅರ್ಪಿತವಾಗಿತ್ತು. ಆ ಅರ್ಪಣೆಯಲ್ಲಿ ಶಿಷ್ಯನು ತೀರಿಹೋದ ಗುರುವನ್ನು ಎದುರಿಗಿರುವವರಂತೆಯೇ ಮಾತನಾಡಿಸುತ್ತಾನೆ. ತಾವು ಹೇಳಿದ್ದನ್ನು ಮುಗಿಸಿ ತಂದಿದ್ದೇನೆಂದು ಒಪ್ಪಿಸುತ್ತಾನೆ. ಹತ್ತು ವರ್ಷಗಳ ಸಾವು ಅಂತೇವಾಸಿಯನ್ನು ದೂರ ಮಾಡಿರಲಿಲ್ಲ.

ಮರುವರ್ಷ ಮತ್ತೆ ಹುಡುಗರೊಡನೆ ಬ್ರಹ್ಮಗಿರಿಗೆ ಹೋದೆ. ಹಿಂದಿರುಗುವಾಗ ತಳುಕಿನಲ್ಲಿ ಬಸ್ಸನ್ನು ನಿಲ್ಲಿಸಿ, ಬೀದಿಯ ಬದಿಯಲ್ಲೇ ಇಷ್ಟನ್ನೂ ಹೇಳಿದೆ. ಕೇಳಬೇಕಾಗಿದ್ದ ಹುಡುಗ ಅವರಲ್ಲಿರಲಿಲ್ಲ. ಅವನು ಶಾಲೆ ಬಿಟ್ಟು ಕುರಿಗಳೊಡನೆ ಹೋಗಿ ಆರು ತಿಂಗಳಾಗಿತ್ತು; ಯಾವ ದಿಕ್ಕಿಗೆಂದು ನಾನು ಅಲ್ಲಿಯವರೆಗೆ ವಿಚಾರಿಸಿಯೂ ಇರಲಿಲ್ಲ.