ಎಮ್ಮೆ ಬರೆಯಲು ಒತ್ತಕ್ಷರ ಕಲಿಯುವ ತನಕ ಕಾಯಬೇಕೆ?



ಈ ಬಾನುಲಿ ಮಾಲಿಕೆಗೆ ಬರುವ ಪತ್ರಗಳಲ್ಲಿ ಒಂದು ದೂರು ನಿಲ್ಲುತ್ತಲೇ ಇಲ್ಲ. ಮೊನ್ನೆ ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಿಂದ ತಾಯಿಯೊಬ್ಬರು ಬರೆದಿದ್ದಾರೆ. "ಮಗ ಎರಡನೇ ಕ್ಲಾಸು. ಪುಸ್ತಕದ ತುಂಬ ತಪ್ಪು. ಮೇಡಂ ತಿದ್ದೋದೇ ಇಲ್ಲ. ಕೇಳಿದರೆ, ಬರವಣಿಗೆ ಕಮ್ಮಟ ಶುರು ಮಾಡಿದ್ದೀವಿ, ಮನಸ್ಸಿಗೆ ಬಂದದ್ದು ಬರೀಲಿ ಬಿಡಿ ಅಂತಾರೆ. ಒತ್ತಕ್ಷರ ಬರದ ಮಗುವಿಗೆ ಎಂಥ ಕಮ್ಮಟ ಸ್ವಾಮಿ?" ಶಿಕ್ಷಕರ ಪತ್ರಗಳೂ ಇವೆ. ಅವರದು ಇದೇ ಪ್ರಶ್ನೆ, ಆಚೆ ಕಡೆಯಿಂದ: "ಕಮ್ಮಟ ಮಾಡುವ ಆಸೆಯಿದೆ, ಆದರೆ ಮಕ್ಕಳಿಗೆ ಕಾಗುಣಿತವೇ ಮುಗಿದಿಲ್ಲ. ಯಾವಾಗ ಶುರು ಮಾಡೋಣ?"

ಜೂನ್‌ನಲ್ಲೇ ಶುರು ಮಾಡಿ. ಒಂದನೇ ತರಗತಿಗೂ ಸೇರಿಸಿಯೇ ಹೇಳುತ್ತಿದ್ದೇನೆ.

ಯಾಕೆಂದು ಹೇಳುತ್ತೇನೆ. ಸರ್ಕಾರಿ ಶಾಲೆಗಳಲ್ಲಿ ಚಿಕ್ಕ ತರಗತಿಗಳ ಮಕ್ಕಳು ಒಟ್ಟಿಗೆ ಕೂತು ಕಲಿಯುವ ನಲಿ-ಕಲಿ ತರಗತಿ ನಿಮಗೆ ಗೊತ್ತೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಋಷಿವ್ಯಾಲಿ ಶಾಲೆಯ ಪದ್ಧತಿ ನೋಡಿಬಂದು, ಯುನಿಸೆಫ್ ನೆರವಿನಲ್ಲಿ ಕಟ್ಟಿದ್ದು ಅದು. 2009-10ರಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಅಲ್ಲಿ ಅಕ್ಷರ ಕಲಿಸುವುದು ಅ ಆ ಇ ಈ ಎನ್ನುವ ಸಾಲಿನಲ್ಲಿ ಅಲ್ಲ. ರ, ಗ, ಸ, ದ, ಅ ಎಂದು ಶುರು. ಐದೇ ಅಕ್ಷರಕ್ಕೆ ಮಗು ಅರಸ, ಅಗಸ, ಸರ, ಗರಗಸ ಎಂದು ಓದಿಬಿಡುತ್ತದೆ. ಓದಿಗೆ ಅದು ಜಾಣ ದಾರಿ, ನಾನು ತಕರಾರು ತೆಗೆಯುವುದಿಲ್ಲ. ಆದರೆ ಬರೆಯುವ ವಿಷಯಕ್ಕೆ ಬಂದಾಗ ಸ್ವಲ್ಪ ಯೋಚಿಸಿ. ಮಳವಳ್ಳಿ ಸೀಮೆಯ ಆರು ವರ್ಷದ ಮಗುವಿಗೆ ಅರಸನ ವಿಷಯ ಹೇಳುವುದೇನಿದೆ? ಅದಕ್ಕೆ ಹೇಳಬೇಕಾದ್ದು ಅವ್ವ, ಅಪ್ಪ, ಅಕ್ಕ, ಅಣ್ಣ, ಅಜ್ಜಿ, ಎಮ್ಮೆ, ಕಬ್ಬು, ಬೆಲ್ಲ, ಹಳ್ಳ. ರೇಷ್ಮೆ ಸಾಕುವ ಮನೆಯಾದರೆ, ಹುಳ ಗೂಡು ಕಟ್ಟುವ ಚಂದ್ರಿಕೆ. ಈ ಪಟ್ಟಿಯಲ್ಲಿ ಒತ್ತಕ್ಷರ ಇಲ್ಲದ ಪದ ಒಂದಾದರೂ ಇದೆಯೇ, ಹುಡುಕಿ. ಒಂದೂ ಇಲ್ಲ.

ಕನ್ನಡದ ಮನೆ ಮಾತೇ ಹಾಗೆ. ಆದರೆ ನಾವು ಒತ್ತಕ್ಷರ ಕಲಿಸುವುದು ಎಲ್ಲಕ್ಕೂ ಕೊನೆಗೆ. ಮೊದಲು ಮೂಲಾಕ್ಷರ, ಆಮೇಲೆ ಕಾಗುಣಿತ, ಆಮೇಲೆ ಅದೇ ಅಕ್ಷರದ ಸಜಾತೀಯ ಒತ್ತು, ಆಮೇಲೆ ಬೇರೆ ಅಕ್ಷರದ ವಿಜಾತೀಯ ಒತ್ತು. ಎಲ್ಲ ಕಲಿತ ಮೇಲೆಯೇ ಬರೆಯಬೇಕು ಎಂದರೆ, ಮಗು ತನ್ನ ಅವ್ವನ ಬಗ್ಗೆ ಒಂದು ಸಾಲು ಬರೆಯಲು ಎರಡು ವರ್ಷ ಕೈಕಟ್ಟಿ ಕೂರಬೇಕು. ಅಷ್ಟರಲ್ಲಿ ಅದಕ್ಕೆ ಬರವಣಿಗೆಯೆಂದರೆ ಕಪ್ಪುಹಲಗೆಯಲ್ಲಿ ಇರುವುದನ್ನು ನಕಲು ಮಾಡುವುದು ಎಂದು ಮನದಟ್ಟಾಗಿರುತ್ತದೆ.

ಇಂಥ ಮಗುವಿನ ಒಂದು ಹಾಳೆಯನ್ನೇ ತೆಗೆದುಕೊಳ್ಳೋಣ. ಮೇಲೆ ನಾಲ್ಕು ಕಾಲಿನ ದೊಡ್ಡದೊಂದು, ಪಕ್ಕದಲ್ಲಿ ನಾಲ್ಕು ಕಾಲಿನ ಚಿಕ್ಕದೊಂದು. ಕೆಳಗೆ ಸೀಸದಕಡ್ಡಿಯಲ್ಲಿ: "ಎಮೆ ಕರ ಆಕತು. ಅವ ಗಿಣು ಮಾಡತು." ಮಗುವನ್ನೇ ಓದಲು ಹೇಳಿ, ಗಟಗಟ ಓದುತ್ತದೆ: ಎಮ್ಮೆ ಕರ ಹಾಕ್ತು, ಅವ್ವ ಗಿಣ್ಣು ಮಾಡ್ತು.

ಕೆಂಪು ಪೆನ್ನಿನ ಮೇಷ್ಟ್ರಿಗೆ ಇಲ್ಲಿ ಹಬ್ಬ. ಆರು ಪದಗಳಲ್ಲಿ ಸರಿಯಿರುವುದು 'ಕರ' ಒಂದೇ. ಅದನ್ನೂ 'ಕರು' ಎಂದು ತಿದ್ದುವವರಿದ್ದಾರೆ. ಈಗ ಪೆನ್ನು ಕೆಳಗಿಟ್ಟು ನೋಡಿ. ಎಮೆ, ಆಕತು, ಅವ, ಗಿಣು, ಮಾಡತು. ಇವು ಐದು ತಪ್ಪೇ? ಒಂದೇ ತಪ್ಪು, ಐದು ಸಲ ಬಂದಿದೆ. ಒತ್ತಕ್ಷರವಿರುವ ಕಡೆಯಲ್ಲೆಲ್ಲ ಮಗು ಒತ್ತು ಬಿಟ್ಟಿದೆ, ಇಲ್ಲವೇ ಒತ್ತಿನ ಬದಲು ಬಿಡಿ ಅಕ್ಷರ ಬರೆದಿದೆ; ಬೇರೆ ಕಡೆ ಏನೂ ಬಿಟ್ಟಿಲ್ಲ. ಕಲಿಸದೇ ಇರುವುದನ್ನು ಬಿಟ್ಟಿದೆ ಅಷ್ಟೆ. 'ಗಿ' ಗುಡಿಸು ಸರಿ. 'ಮಾ' ದೀರ್ಘ ಸರಿ. 'ತು' ಕೊಂಬು ಎರಡು ಕಡೆಯೂ ಸರಿ. ಇನ್ನು 'ಹಾ' ಬದಲು 'ಆ'. ನಮ್ಮ ಮಂಡ್ಯ ಕಡೆ ಹಕಾರ ನುಂಗಿ ಮಾತಾಡುತ್ತೇವೆ. ಹಾಲು ನಮ್ಮಲ್ಲಿ ಆಲು, ಹಟ್ಟಿ ನಮ್ಮಲ್ಲಿ ಅಟ್ಟಿ. ಮಗು ಕಿವಿಯಲ್ಲಿ ಕೇಳಿದ್ದನ್ನು ಒಂದಿಷ್ಟೂ ಮೋಸ ಮಾಡದೆ ಹಾಳೆಗೆ ಇಳಿಸಿದೆ. ಇದಕ್ಕಿಂತ ಒಳ್ಳೆಯ ಪರೀಕ್ಷಾ ವರದಿ ಶಿಕ್ಷಕರಿಗೆ ಇನ್ನೇನು ಬೇಕು? ಮುಂದಿನ ವಾರ ಕಲಿಸಬೇಕಾದ್ದು ಸಜಾತೀಯ ಒತ್ತು ಎಂದು ಆ ಹಾಳೆಯೇ ಹೇಳುತ್ತಿದೆ.

ತಿದ್ದಿದರೆ ಏನಾಗುತ್ತದೆ? ಇದು ನಾನು ಶಾಲೆ ಶಾಲೆಯಲ್ಲಿ ನೋಡಿರುವ ಸಂಗತಿ, ಹಾಗಾಗಿ ಸ್ವಲ್ಪ ಒತ್ತಿ ಹೇಳುತ್ತೇನೆ. ಹಾಳೆ ತುಂಬ ಕೆಂಪು ಗೀಟು ಬಿದ್ದ ಮಗು ಮರುದಿನ ಬರೆಯುವುದು: "ಇದು ಸರ. ಇದು ಮರ. ಇದು ಗರಗಸ." ಒಂದೂ ತಪ್ಪಿಲ್ಲ. ಮೇಷ್ಟ್ರು 'ಗುಡ್' ಹಾಕುತ್ತಾರೆ, ಮನೆಯಲ್ಲಿ ಖುಷಿ. ಎಮ್ಮೆ ಹೋಯಿತು, ಕರು ಹೋಯಿತು, ಗಿಣ್ಣು ಹೋಯಿತು. ಮಗು ಎಷ್ಟು ಬುದ್ಧಿವಂತ ನೋಡಿ. ತಪ್ಪಾಗದ ಪದಗಳನ್ನು ಆರಿಸಿಕೊಂಡು ಅಷ್ಟರಲ್ಲೇ ಬದುಕುವುದನ್ನು ಕಲಿತುಬಿಟ್ಟಿತು. ಇದೇ ಮಗು ಐದನೇ ತರಗತಿಗೆ ಬಂದು, ದಿನಾ ಬೆಳಿಗ್ಗೆ ಹಸು ಮೈ ತೊಳೆದು ಶಾಲೆಗೆ ಬರುವ ಹುಡುಗನಾಗಿಯೂ, ಹಸುವಿಗೆ ನಾಲ್ಕು ಕಾಲು, ಎರಡು ಕೊಂಬು, ಅದು ಸಾಕುಪ್ರಾಣಿ ಎಂದು ಪ್ರಬಂಧ ಬರೆಯುತ್ತದೆ. ಆಗ ನಾವು "ಈಗಿನ ಮಕ್ಕಳಿಗೆ ಸ್ವಂತ ಯೋಚನೆಯೇ ಇಲ್ಲ" ಎನ್ನುತ್ತೇವೆ. ಇತ್ತು ಸ್ವಾಮಿ. ಎರಡನೇ ತರಗತಿಯಲ್ಲಿ ಗೀಟು ಹಾಕಿ ಓಡಿಸಿದ್ದು ನಾವೇ.

ಅದಕ್ಕೇ ಹೇಳುತ್ತೇನೆ, ಬೇಜಾರಾದರೂ ಕೇಳಿ. ಮೊದಲ ಬರಹವನ್ನು ತಿದ್ದಬೇಡಿ. ಏನು ಬರೆದಿದೆ ಎಂದು ಕೇಳಿ, ಆಮೇಲೆ ಏನಾಯಿತು ಎಂದು ಕೇಳಿ, ಪೆನ್ನು ಮಾತ್ರ ಜೇಬಿನಲ್ಲಿರಲಿ. "ನೀಲು ಬೇಕು" ಎಂದ ಮಗುವಿಗೆ, "ನೀರು ಅನ್ನು, ಆಮೇಲೆ ಕೊಡ್ತೀನಿ" ಎಂದು ಲೋಟ ಹಿಂದಕ್ಕಿಟ್ಟ ತಾಯಿಯನ್ನು ನಾನು ಕಂಡಿಲ್ಲ. ನೀರು ಕೊಟ್ಟೇ ನಾಲಗೆ ತಿರುಗಿದ್ದು.

"ತಪ್ಪು ಬರೆದರೆ ತಪ್ಪೇ ಕೈಗೆ ಕೂರುತ್ತದೆ." ಈ ಮಾತನ್ನು ನನಗೆ ಹೇಳದ ಶಿಕ್ಷಕರ ಸಭೆಯಿಲ್ಲ. ಕೂರುವುದಿಲ್ಲ. ಅಮೆರಿಕದ ಭಾಷಾವಿಜ್ಞಾನಿ ಚಾರ್ಲ್ಸ್ ರೀಡ್ 1971ರಲ್ಲೇ, ಶಾಲೆಗೆ ಸೇರುವ ಮೊದಲೇ ತಮ್ಮಷ್ಟಕ್ಕೆ ಬರೆಯತೊಡಗಿದ ಪುಟ್ಟ ಮಕ್ಕಳ ಕಾಗುಣಿತವನ್ನು ಕೂತು ಪರಿಶೀಲಿಸಿದರು. ಆ ತಪ್ಪುಗಳಿಗೆಲ್ಲ ಕಿವಿಯ ಲೆಕ್ಕವೊಂದು ಇತ್ತು; ಅವು ಕೈಗೆ ಕೂತ ಅಭ್ಯಾಸವಲ್ಲ, ಕಲಿಕೆಯ ಒಂದು ಹಂತ. ನಮ್ಮ ಕನ್ನಡದ್ದೇ ಬೇಕೆಂದರೆ, ಸಂಶೋಧಕಿ ಸೋನಾಲಿ ನಾಗ್ ಅವರು ಕನ್ನಡ ಕಲಿಯುವ ಒಂದರಿಂದ ನಾಲ್ಕನೇ ತರಗತಿಯ ಮಕ್ಕಳನ್ನು ಅಭ್ಯಾಸ ಮಾಡಿ 2007ರಲ್ಲಿ ಪ್ರಕಟಿಸಿದ್ದಾರೆ. ಇಂಗ್ಲಿಷಿನ ಇಪ್ಪತ್ತಾರಕ್ಕೆ ಹೋಲಿಸಿದರೆ ನಮ್ಮ ಮಗು ಗುರುತಿಸಬೇಕಾದ ಆಕಾರಗಳು ನೂರಾರು. ಅವೆಲ್ಲ ಕೈವಶವಾಗುವುದು ನಾಲ್ಕನೇ ತರಗತಿಯವರೆಗೂ ಎಳೆಯುತ್ತದೆ. ಹಾಗಾಗಿ ಪೂರಿಗಾಲಿಯ ತಾಯಿಗೆ ಹೇಳುವುದು ಇಷ್ಟು: ಎರಡನೇ ಕ್ಲಾಸಿನ ಮಗನಿಗೆ ಒತ್ತಕ್ಷರ ತಪ್ಪುವುದು ಕಾಯಿಲೆಯಲ್ಲ ತಾಯಿ, ಅದು ಅವನ ವಯಸ್ಸು.

ಹಾಗಾದರೆ ತಿದ್ದುವುದೇ ಬೇಡವೆ? ಬೇಕು. ಒತ್ತಕ್ಷರದ ಪಾಠ ಬೇರೆ ಹೊತ್ತಿನಲ್ಲಿ ನಡೆಯಲಿ, ಉಕ್ತಲೇಖನ ನಡೆಯಲಿ, ಕಾಪಿ ಬರೆಯಲಿ. ಗೋಡೆಪತ್ರಿಕೆಗೋ ತರಗತಿಯಲ್ಲಿ ಕಟ್ಟಿದ ಚಪ್ಪರಕ್ಕೋ ನೇತುಹಾಕುವ ಬರಹವಿದ್ದರೆ ಮಗುವಿನ ಜೊತೆ ಕೂತು ಒಂದೆರಡು ಪದ ಸರಿಮಾಡಿ, ಶುದ್ಧಪ್ರತಿ ಬರೆಸಿ. ಕಮ್ಮಟದ ಹೊತ್ತಿನಲ್ಲಿ ಬೇಡ.

ಹಳ್ಳಿ ಮಾತು ಬರೆದರೆ ಭಾಷೆ ಕೆಡುತ್ತದೆ ಎನ್ನುವವರಿಗೆ ಹೆಚ್ಚು ಸಮಯ ಕೊಡಲಾರೆ. ದೇವನೂರ ಮಹಾದೇವರು ಆಡುಮಾತಿನಲ್ಲೇ ಬರೆದ 'ಕುಸುಮಬಾಲೆ'ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ನಮ್ಮ ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ ರಾಮಣ್ಣನವರ ಕತೆಗಳನ್ನೊಮ್ಮೆ ಓದಿ ನೋಡಲಿ.

ಗಾಜಿನಾಚೆಯಿಂದ ನಿರ್ಮಾಪಕರು ಬೆರಳು ಎತ್ತುತ್ತಿದ್ದಾರೆ. ಶುರು ಮಾಡುವ ಕ್ರಮಕ್ಕೆ ಬರುತ್ತೇನೆ.

ಆರು ವರ್ಷದ ಮಗು ಬರೆಯಲು ಕೂತಾಗ ಒಟ್ಟಿಗೇ ನಾಲ್ಕು ಕೆಲಸ ಮಾಡಬೇಕು. ಹೇಳಬೇಕಾದ್ದನ್ನು ನೆನಪಿನಲ್ಲಿ ಹಿಡಿದಿರಬೇಕು, ಪದವನ್ನು ಬಾಯಲ್ಲೇ ಒಡೆದುಕೊಳ್ಳಬೇಕು, ಅಕ್ಷರದ ಆಕಾರ ನೆನೆಯಬೇಕು, ಬೆರಳು ತಿರುಗಿಸಬೇಕು. 'ಎ' ಬರೆದು ಮುಗಿಸುವಷ್ಟರಲ್ಲಿ ಎಮ್ಮೆ ಏನು ಮಾಡಿತೆಂಬುದೇ ಮರೆತಿರುತ್ತದೆ. ಅದಕ್ಕೇ ಮೊದಲು ಚಿತ್ರ. ಬರೆದಿಟ್ಟ ಚಿತ್ರ ನೆನಪಿನ ಕೆಲಸವನ್ನು ಹೊತ್ತುಕೊಳ್ಳುತ್ತದೆ. ಚಿತ್ರ ಕಾಲಹರಣ ಎನ್ನಬೇಡಿ. ಚಿತ್ರಕ್ಕೂ ಮೊದಲು ಮಾತು. ಶಿಕ್ಷಕರೇ ಐದು ನಿಮಿಷ ತಮ್ಮ ಮನೆಯದೋ ದಾರಿಯದೋ ಒಂದು ಸಂಗತಿ ಹೇಳಿ, ಹಲಗೆಯ ಮೇಲೆ ಚಿತ್ರ ಗೀಚಿ, ಎರಡು ಸಾಲು ಬರೆಯಲಿ. ಆಮೇಲೆ ಮಕ್ಕಳು ಪಕ್ಕದವರಿಗೆ ತಮ್ಮದನ್ನು ಹೇಳಿಕೊಳ್ಳಲಿ. ಆಮೇಲೆ ಹದಿನೈದು ಇಪ್ಪತ್ತು ನಿಮಿಷ ಚಿತ್ರ, ಬರಹ. ಕೊನೆಗೆ ಇಬ್ಬರೋ ಮೂವರೋ ಎದ್ದು ನಿಂತು ಓದಲಿ, ಉಳಿದವರು ಪ್ರಶ್ನೆ ಕೇಳಲಿ. ದಿನಾ ಒಂದೇ ಹೊತ್ತಿಗೆ. ವಾರಕ್ಕೊಂದು ಸಲ ಮಾಡುವುದಾದರೆ ಮಾಡದಿದ್ದರೂ ನಡೆಯುತ್ತದೆ. ಮಗು ಪ್ರತಿ ಸಲವೂ ಹೊಸದಾಗಿ ಹೆದರುತ್ತದೆ.

ಅಕ್ಷರವೇ ಬರದ ಒಂದನೇ ತರಗತಿಯ ಮಗು ಚಿತ್ರದ ಬಗ್ಗೆ ಹೇಳಲಿ, ಶಿಕ್ಷಕರು ಅದರ ಮಾತಿನಲ್ಲೇ ಒಂದು ಸಾಲು ಬರೆದುಕೊಡಲಿ. ಮಗು ಅದನ್ನು ಬೆರಳಿಟ್ಟು ಓದುತ್ತದೆ. ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂರುವ ನಲಿ-ಕಲಿ ಕೋಣೆ ಇದಕ್ಕೆ ಹೇಳಿ ಮಾಡಿಸಿದ ಜಾಗ, ಚಿಕ್ಕವರು ದೊಡ್ಡವರನ್ನು ನೋಡಿ ಕಲಿಯುತ್ತಾರೆ. "ಏನು ಬರೀಲಿ ಮಿಸ್?" ಎಂದು ಕೂತ ಮಗುವಿಗೆ ವಿಷಯ ಕೊಡಬೇಡಿ. ಬೆಳಿಗ್ಗೆ ಎದ್ದಾಗ ಮನೆಯಲ್ಲಿ ಏನು ನಡೀತಿತ್ತು ಎಂದು ಕೇಳಿ. ಹುಳ ಹಣ್ಣಾಗಿ ಮನೆಮಂದಿಯೆಲ್ಲ ಚಂದ್ರಿಕೆಗೆ ಬಿಡುತ್ತಿದ್ದರು, ಆಲೆಮನೆಯಲ್ಲಿ ಬಿಸಿ ಬೆಲ್ಲ ಕೊಟ್ಟರು, ಮುಡುಕುತೊರೆ ಜಾತ್ರೆಯಿಂದ ಅಪ್ಪ ಹೋರಿ ತಂದರು. ಏನಾದರೂ ಇರುತ್ತದೆ.

ಗೆರೆಯಿಲ್ಲದ ಹಾಳೆ ಕೊಡಿ. ಒಂದು ಮಗ್ಗುಲು ಖಾಲಿಯಿರುವ ಹಳೇ ಕಾಗದವಾದರೂ ಸಾಕು, ಮಡಚಿ ದಾರ ಹೊಲಿದರೆ ಪುಸ್ತಕ. ಮೇಲಿನವರು ಬಂದು, ತಿದ್ದದ ಪುಸ್ತಕ ನೋಡಿ ಬೈದಾರು ಎಂಬ ಭಯ ಶಿಕ್ಷಕರಿಗೆ ಇದ್ದದ್ದೇ. ಅದಕ್ಕೆ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದುಬಿಡಿ: ಇದು ಮೊದಲ ಬರಹದ ಪುಸ್ತಕ, ಇಲ್ಲಿ ತಿದ್ದುವುದಿಲ್ಲ. ಪ್ರತಿ ಹಾಳೆಗೂ ತಾರೀಖು ಹಾಕಿ, ಒಂದನ್ನೂ ಎಸೆಯದೆ ಇಡಿ. ಪಾಲಕರೂ ರದ್ದಿಗೆ ಹಾಕಬೇಡಿ. ಮಾರ್ಚಿಯಲ್ಲಿ ಶಾಲೆಯ ಸಭೆಗೆ ಹೋದಾಗ ಜೂನ್ ತಿಂಗಳ ಹಾಳೆಯನ್ನೂ ಮಾರ್ಚಿ ತಿಂಗಳ ಹಾಳೆಯನ್ನೂ ಪಕ್ಕಪಕ್ಕ ಇಡಿಸಿ ನೋಡಿ, ಆಮೇಲೂ ದೂರಿದ್ದರೆ ನನಗೆ ಬರೆಯಿರಿ.