ಔಟ್‌ಬೋರ್ಡ್ ಯಂತ್ರ ಚಾಲೂ ಆಗದಿದ್ದಾಗ



ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಯಾಂತ್ರೀಕೃತ ದೋಣಿಗಳು ದಡ ಸೇರಿರುತ್ತವೆ. ನಾಡದೋಣಿಯವರಿಗೆ ಅದೇ ದುಡಿಮೆಯ ಕಾಲ. ಆ ದಿನಗಳಲ್ಲಿ ಅಳಿವೆಯ ಬಾಯಲ್ಲಿ ಯಂತ್ರ ನಿಂತು, ಮತ್ತೆ ಚಾಲೂ ಆಗದಿದ್ದರೆ ದೋಣಿ ಅಲೆಗೆ ಅಡ್ಡ ತಿರುಗುತ್ತದೆ; ಮುಂದಿನದನ್ನು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಹಟ ಹಿಡಿಯುವ ಹಳೆಯ ಯಂತ್ರವನ್ನು ದಡದಲ್ಲಿಯೇ ಪರೀಕ್ಷಿಸಿಕೊಳ್ಳಬೇಕು.

ಪೆಟ್ರೋಲಿನಲ್ಲಿ ಚಾಲೂ ಆಗಿ ಸೀಮೆಎಣ್ಣೆಯಲ್ಲಿ ಓಡುವ ಯಂತ್ರಗಳಲ್ಲಿ, ಬೆಳಗಿನ ತೊಂದರೆಗೆ ಕಾರಣ ಬಹುಮಟ್ಟಿಗೆ ಹಿಂದಿನ ದಿನದ್ದು. ಸೀಮೆಎಣ್ಣೆಯಲ್ಲಿ ಓಡುತ್ತಿರುವಾಗಲೇ ನಿಲ್ಲಿಸಿದರೆ ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆಯೇ ಉಳಿಯುತ್ತದೆ. ತಣ್ಣಗಿರುವ ಯಂತ್ರದಲ್ಲಿ ಅದು ಪೆಟ್ರೋಲಿನಂತೆ ಸುಲಭವಾಗಿ ಆವಿಯಾಗದು. ಹಗ್ಗ ಎಳೆದಷ್ಟೂ ಪ್ಲಗ್ ತೊಯ್ಯುತ್ತದೆ, ತೋಳೂ ಸೋಲುತ್ತದೆ. ದಡ ಮುಟ್ಟುವ ಕೆಲವು ನಿಮಿಷ ಮೊದಲೇ ಪೆಟ್ರೋಲಿಗೆ ತಿರುಗಿಸಿ, ಅದರಲ್ಲಿ ಓಡಿಸಿ ನಿಲ್ಲಿಸುವುದು ಸರಿಯಾದ ಕ್ರಮ. ಟೂ ಸ್ಟ್ರೋಕ್ ಯಂತ್ರವಾದ್ದರಿಂದ ಈ ಪೆಟ್ರೋಲಿಗೂ ಎಣ್ಣೆ ಬೆರೆಸಿರಲೇಬೇಕು. ಪೆಟ್ರೋಲು ದಂಡವೆಂದು ಕೆಲವರಿಗೆ ತೋರಬಹುದು. ಒಂದು ದಿನದ ಮೀನುಗಾರಿಕೆ ತಪ್ಪಿದರೆ ಆಗುವ ನಷ್ಟ ಅದಕ್ಕಿಂತ ಹೆಚ್ಚು.

ಪರೀಕ್ಷೆಯನ್ನು ಇಂಧನದಿಂದ ಆರಂಭಿಸಬೇಕು. ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ಬಿಗಿಯಾಗಿದ್ದರೆ ಯಂತ್ರ ಚಾಲೂ ಆದರೂ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಕೊಳವೆಯ ನಡುವಿನ ರಬ್ಬರ್ ಉಂಡೆಯನ್ನು ಹಿಸುಕುತ್ತ ಹೋದಂತೆ ಅದು ಗಟ್ಟಿಯಾಗಬೇಕು. ಆಗದಿದ್ದರೆ ಜೋಡಣೆಯಲ್ಲಿ ಗಾಳಿ ಸೇರುತ್ತಿದೆ ಅಥವಾ ಉಂಡೆಯ ಕವಾಟ ಕೆಟ್ಟಿದೆ. ಮಳೆಗಾಲದಲ್ಲಿ ಇಂಧನಕ್ಕೆ ನೀರು ಸೇರುವುದೂ ಉಂಟು. ಕಾರ್ಬ್ಯುರೇಟರಿನ ತಳದ ತಿರುಪು ಬಿಚ್ಚಿ ಸ್ವಲ್ಪ ಇಂಧನವನ್ನು ಗಾಜಿನ ಸೀಸೆಗೆ ಹಿಡಿದರೆ ನೀರು ಅಡಿಯಲ್ಲಿ ಬೇರೆಯಾಗಿ ಕಾಣುತ್ತದೆ.

ಅನಂತರ ಕಿಡಿ. ಚೆಲ್ಲಿದ ಪೆಟ್ರೋಲನ್ನು ಮೊದಲು ಚೆನ್ನಾಗಿ ಒರೆಸಬೇಕು. ಪ್ಲಗ್ ಬಿಚ್ಚಿ, ಒಣಗಿಸಿ, ಮಸಿ ತೆಗೆದು, ತಂತಿಗೆ ಸೇರಿಸಿ, ಅದರ ಲೋಹದ ಭಾಗವನ್ನು ಪ್ಲಗ್ ರಂಧ್ರದಿಂದ ದೂರದಲ್ಲಿ ಯಂತ್ರದ ಮೈಗೆ ತಾಗಿಸಿಟ್ಟು ಹಗ್ಗ ಎಳೆಯಬೇಕು. ಬರಿಗೈಯಲ್ಲಿ ಹಿಡಿಯಬಾರದು. ನೀಲಿ ಕಿಡಿ ಚಟಚಟನೆ ಬಂದರೆ ಸರಿ. ಹಳದಿಯಾಗಿ ಮಂಕಾಗಿದ್ದರೆ ಹೊಸ ಪ್ಲಗ್ ಹಾಕಿ ನೋಡಬೇಕು. ಆಗಲೂ ಮಂಕಾದರೆ ಫ್ಲೈವ್ಹೀಲಿನ ಕೆಳಗಿನ ಕಾಂಟ್ಯಾಕ್ಟ್ ಪಾಯಿಂಟುಗಳನ್ನು ಸಂಶಯಿಸಬೇಕು. ಹಳೆಯ ಯಂತ್ರಗಳಲ್ಲಿ ಇವಕ್ಕೆ ಉಪ್ಪುಗಾಳಿಯಿಂದ ಕಿಲುಬು ಹಿಡಿಯುತ್ತದೆ. ಶುಚಿಗೊಳಿಸಿ, ಅಂತರವನ್ನು ಕೈಪಿಡಿಯ ಅಳತೆಗೆ ಹೊಂದಿಸಬೇಕು. ಅಂದಾಜಿನ ಅಳತೆ ಬೇಡ.

ಇಂಧನ, ಕಿಡಿ ಎರಡೂ ಸರಿಯಿದ್ದು, ಹಗ್ಗ ತಡೆಯಿಲ್ಲದೆ ಹಗುರವಾಗಿ ಬರುತ್ತಿದ್ದರೆ ಪಿಸ್ಟನ್ ರಿಂಗು ಸವೆದಿರಬಹುದು. ಅಂಥ ಯಂತ್ರವನ್ನು ಮೆಕ್ಯಾನಿಕ್ ಬಳಿಗೆ ಒಯ್ಯಬೇಕು. ಕಡಲಿಗೆ ಇಳಿಯುವಾಗ ದೋಣಿಯಲ್ಲಿ ಒಣ ಪ್ಲಗ್ ಒಂದು, ಪ್ಲಗ್ ಸ್ಪ್ಯಾನರ್, ಹೆಚ್ಚಿನ ಹಗ್ಗ ಮತ್ತು ಹುಟ್ಟುಗಳು ಇರಬೇಕು.