ಅಟ್ಟೆ ಬದಲಾಯಿಸಬಹುದಾದ ಬೂಟು

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಸವೆದ ಅಟ್ಟೆಯ ಮೇಲೂ ಭಾಷಣವೇ ಎಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗಲಿ. ದಿನಕ್ಕೆ ಎಂಟು ಗಂಟೆ ಯಂತ್ರದ ಮುಂದೆ ನಿಲ್ಲುವವನಿಗೆ ಕಾಲಿಗಿಂತ ದೊಡ್ಡ ಆಸ್ತಿ ಯಾವುದುಂಟು? ಅಗ್ಗದ ಜೋಡು ಕೊಂಡವನು ಮತ್ತೆ ಮತ್ತೆ ಅಂಗಡಿಗೆ ಹೋಗುತ್ತಾನೆ. ಒಮ್ಮೆಗೇ ಹೆಚ್ಚು ಕೊಡಬಲ್ಲವನು ಒಂದೇ ಜೊತೆಯಲ್ಲಿ ಹತ್ತು ವರ್ಷ ಕಳೆಯುತ್ತಾನೆ. ಲೆಕ್ಕ ಹಾಕಿ ನೋಡಿದರೆ ಹೆಚ್ಚು ತೆತ್ತವನು ಬಡವನೇ.

ಆ ಹತ್ತು ವರ್ಷದ ಗುಟ್ಟೇನು? ಕರಿಹಲಗೆ ಇದ್ದಿದ್ದರೆ ಚಿತ್ರ ಬರೆದು ತೋರಿಸುತ್ತಿದ್ದೆ. ಹಳೆಯ ಮೇಷ್ಟರ ಚಾಳಿ. ಕಾಲನ್ನು ಸುತ್ತುವ ಮೇಲ್ಚರ್ಮ, ಪಾದ ಊರುವ ಒಳ ಅಟ್ಟೆ, ನೆಲ ತಾಗುವ ಹೊರ ಅಟ್ಟೆ. ಮೊದಲೆರಡಕ್ಕೆ ಸುತ್ತಲೂ ಒಂದು ಚರ್ಮದ ಪಟ್ಟಿ ಕೂಡಿಸಿ ಹೊಲಿಯುತ್ತಾರೆ, ಇದೇ ವೆಲ್ಟ್. ಹೊರ ಅಟ್ಟೆಯ ಹೊಲಿಗೆ ಈ ಪಟ್ಟಿಗೆ ಮಾತ್ರ. ಅಟ್ಟೆ ಸವೆದಾಗ ಆ ಹೊಲಿಗೆ ಬಿಚ್ಚಿ ಹೊಸದನ್ನು ಹಚ್ಚಿದರಾಯಿತು, ಮೇಲ್ಚರ್ಮಕ್ಕೆ ಹೊಸ ತೂತು ಬೀಳುವುದಿಲ್ಲ. ಇದು ಶತಮಾನಗಳ ಕೈವಿದ್ಯೆ. ಅದನ್ನು 1870ರ ದಶಕದಲ್ಲಿ ಯಂತ್ರಕ್ಕಿಳಿಸಿದ್ದು ಅಮೆರಿಕಾ. ರಬ್ಬರನ್ನು ಹದಗೊಳಿಸಿದ ಗುಡ್‌ಇಯರನ ಮಗನ ಹೆಸರಿನಿಂದಲೇ ಇಂದಿಗೂ ಆ ಹೊಲಿಗೆಯನ್ನು ಕರೆಯುತ್ತಾರೆ.

ನಾನು ಹೇಳಲು ಬಂದದ್ದು ಮಾತ್ರ ಬೇರೊಬ್ಬನ ಕಥೆ. ಮಾಸಚೂಸೆಟ್ಸಿನ ಲಿನ್ ಎಂಬುದು ಜೋಡು ಮಾಡುವವರ ಊರು. 1860ರಲ್ಲಿ ಕೂಲಿಗಾಗಿ ಅಲ್ಲಿ ಎದ್ದ ಮುಷ್ಕರ ಸುತ್ತಲ ಊರುಗಳಿಗೆಲ್ಲ ಹಬ್ಬಿತು. ಹೆಂಗಸರು ಹಿಮ ಬೀಳುವ ಬೀದಿಯಲ್ಲಿ ಮೆರವಣಿಗೆ ನಡೆದರು. ಆ ಊರಿಗೆ 1877ರಲ್ಲಿ ಬಂದವನು ಯಾನ್ ಮ್ಯಾಟ್ಸೆಲಿಗರ್. ಹುಟ್ಟಿದ್ದು 1852ರಲ್ಲಿ, ಡಚ್ಚರ ವಸಾಹತಾಗಿದ್ದ ಸುರಿನಾಮಿನಲ್ಲಿ. ತಂದೆ ಡಚ್ಚ, ತಾಯಿ ಕರಿಯ ಹೆಂಗಸು. ಹಗಲು ಕಾರ್ಖಾನೆಯ ದುಡಿಮೆ, ರಾತ್ರಿ ಇಂಗ್ಲಿಷ್ ಕಲಿಕೆ ಮತ್ತು ಯಂತ್ರದ ಚಿಂತೆ. ಹೊಲಿಗೆಗೆ ಆಗಲೇ ಯಂತ್ರವಿತ್ತು. ಚರ್ಮವನ್ನು ಅಚ್ಚಿನ ಮೇಲೆ ಎಳೆದು, ನೆರಿಗೆ ಹಿಡಿದು, ಮೊಳೆ ಹೊಡೆಯುವ ಕೆಲಸ ಮಾತ್ರ ಕೈಗೇ ಉಳಿದಿತ್ತು. ಕುಶಲಿಯೊಬ್ಬ ದಿನಕ್ಕೆ ಸುಮಾರು 50 ಜೊತೆ ಮುಗಿಸುತ್ತಿದ್ದ. 1883ರಲ್ಲಿ ಮ್ಯಾಟ್ಸೆಲಿಗರ್ ಪೇಟೆಂಟ್ ಪಡೆದ ಯಂತ್ರ ಬೆಳೆಯುತ್ತಾ 150ರಿಂದ 700 ಜೊತೆಯವರೆಗೆ ಮುಗಿಸತೊಡಗಿತು.

ಹಣ ಹಾಕಿದ ಇಬ್ಬರಿಗೆ ಮೂರರಲ್ಲಿ ಎರಡು ಪಾಲು ಹೋಯಿತು. ಆತ 1889ರಲ್ಲಿ, 36ನೆಯ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡ. ಬಣ್ಣ ನೋಡಿ ಬೇರೆ ಚರ್ಚುಗಳು ದೂರವಿಟ್ಟಾಗ ಒಳಗೆ ಕರೆದುಕೊಂಡ ಒಂದು ಚರ್ಚಿಗೆ ತನ್ನ ಷೇರುಗಳಲ್ಲಿ ಪಾಲು ಬರೆದಿಟ್ಟಿದ್ದ. ಇನ್ನು ಅಚ್ಚಿನ ಕೆಲಸಗಾರರ ಕೈಬಲವೂ ಆ ಯಂತ್ರದಿಂದಲೇ ಮುರಿಯಿತು. ಇದನ್ನು ಮುಚ್ಚಿಟ್ಟು ಆತನನ್ನು ಹೊಗಳಲಾರೆ.

ಲಾಭ ಸೇರಿದ್ದು ಎಲ್ಲಿಗೆ? 1899ರಲ್ಲಿ ಯಂತ್ರ ಕಂಪನಿಗಳು ಒಂದಾಗಿ ಯುನೈಟೆಡ್ ಶೂ ಮೆಷಿನರಿ ಆಯಿತು. ಮುಖ್ಯ ಯಂತ್ರಗಳನ್ನು ಅದು ಮಾರಲೊಲ್ಲದು, ಬಾಡಿಗೆಗೆ ಮಾತ್ರ ಕೊಡುವುದು. ಸಣ್ಣ ಕಾರ್ಖಾನೆಯವನಿಗೆ ಕಡಿಮೆ ಬಂಡವಾಳದಲ್ಲಿ ಆರಂಭಿಸಲು ಅನುಕೂಲವಾಯಿತು, ಸುಳ್ಳಲ್ಲ. ಜುಟ್ಟು ಕಂಪನಿಯ ಕೈಯಲ್ಲಿ ಉಳಿಯಿತು. ಅದು ಏಕಸ್ವಾಮ್ಯವೆಂದು ನ್ಯಾಯಾಲಯ ತೀರ್ಪಿತ್ತದ್ದು 1953ರಲ್ಲಿ.

ಇಂದು ಅಮೆರಿಕಾದಲ್ಲಿ ಮಾರುವ ಜೋಡುಗಳಲ್ಲಿ ಬಹುಪಾಲು ಹೊರದೇಶದವು, ಅಂಟು ಹಾಕಿದವೇ ಹೆಚ್ಚು. ಆದರೂ ಮಿನೆಸೋಟಾದಲ್ಲಿ 1905ರಲ್ಲಿ ಹುಟ್ಟಿದ ರೆಡ್ ವಿಂಗ್ ಕಂಪನಿ ಹಳೆಯ ಬೂಟಿಗೆ ಈಗಲೂ ಹೊಸ ಅಟ್ಟೆ ಹಾಕಿಕೊಡುತ್ತದೆ.

ಅಂಗಡಿಯವರಿಗೆ ಒಂದು ಮಾತು. ಅಂಚಿನಲ್ಲಿ ಹೊಲಿಗೆ ಕಂಡರೆ ಸಾಲದು, ಅಂದಕ್ಕೆ ಮಾಡಿದ ಸುಳ್ಳು ಹೊಲಿಗೆಯೂ ಉಂಟು. ಬೂಟನ್ನು ಮಗುಚಿ ನೋಡಿ. ಅಂಚಿನ ದಾರ ಅಟ್ಟೆಯ ಅಡಿಗೆ ಬಂದಿದೆಯೇ? ಅಡಿ ಮುಚ್ಚಿದ್ದರೆ ಚಮ್ಮಾರಣ್ಣನ ಕೈಗೆ ಕೊಡಿ, ಅವನು ಹೇಳುತ್ತಾನೆ.